ಮುಧೋಳ ನಾಯಿಗೆ ಕೆರೆತ, ಮ್ಯಾಲೆ ಹೊಟ್ಟಿನೂ ಸರಿ ಇಲ್ಲ. ಯಾವ ಫುಡ್ ಹಾಕಬೇಕ್ರಿ?

ನವನಗರದಾಂವ, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನ್ಯಾಗ ಮುಧೋಳ ಹೆಣ್ಣುನಾಯಿ ಐತಿ. ಹೆಸರು ರಾಣಿ, ಎರಡೂವರಿ ವರ್ಷದ್ದು, ತೂಕ 20 ಕೆಜಿ ಆಸುಪಾಸು. ದೀಪಾವಳಿ ಮುಂದ ಕಿವಿ ಕೆರಕೊಳ್ಳಾಕ ಸುರು ಮಾಡಿದ್ದು ಇನ್ನೂ ನಿಂತಿಲ್ಲ. ಮುಂಗಾಲಿನ ಬೆರಳಸಂದಿ ನೆಕ್ಕಿ ನೆಕ್ಕಿ ಬಿಳಿ ಕೂದಲೆಲ್ಲಾ ತುಕ್ಕಿನ ಬಣ್ಣಕ್ಕ ತಿರುಗ್ಯಾವ. ಹೊಟ್ಟಿ ಕೆಳಗ ಕೆಂಪು ಗುಳ್ಳಿ. ಇದರ ಜೋಡಿ ವಾರದಾಗ ಒಂದೆರಡು ಸಲ ಸಂಡಾಸ ತೆಳ್ಳಗ ಆಗತೈತಿ.

ಹಾಕೂದು ಏನಂದ್ರ, ಮುಂಜಾನೆ ಜ್ವಾಳದ ರೊಟ್ಟಿ ಹಾಲಾಗ ನೆನಸಿ ಹಾಕತೀವಿ. ಸಂಜೀಕ ಅಂಗಡಿ ಡಾಗ್ ಫುಡ್, ಚಿಕನ್ ಇರೂದು. ರವಿವಾರ ಮನ್ಯಾಗ ಕೋಳಿ ಮಾಡಿದ್ರ ಅದರಾಗಿಂದೂ ಒಂದಿಷ್ಟು. ನಮ್ಮವ್ವ ಚಾ ಕುಡಿಯೂ ಮುಂದ ಬಿಸ್ಕಿಟ್ ಹಾಕತಾಳ, ಎಷ್ಟ ಹೇಳಿದ್ರೂ ಬಿಡೂದಿಲ್ಲ.

ಡಾಕ್ಟರ್ ಇಂಜೆಕ್ಷನ್ ಮಾಡಿ ಗುಳಿಗಿ ಕೊಟ್ಟರು. ಗುಳಿಗಿ ಇರೂತನಾ ಆರಾಮ, ಮುಗದ ಮ್ಯಾಲೆ ಮತ್ತ ಅದ. ಅಂಗಡಿಯಾಂವ "ಲ್ಯಾಂಬ್ ಅಂಡ್ ರೈಸ್ ಹಾಕ್ರಿ, ಅಲರ್ಜಿ ಹೋಗತೈತಿ" ಅಂದ. ದೊಡ್ಡ ಚೀಲ ತಂದೆ. ಫರಕ್ ಏನೂ ಕಾಣವಲ್ದು. ಈಗ ಒಬ್ಬರು ಗ್ರೇನ್ ಫ್ರೀ, ಅಂದ್ರ ಧಾನ್ಯ ಇಲ್ಲದ್ದು, ತಗೋ ಅಂತಾರ, ಇನ್ನೊಬ್ಬರು ಕೂದಲ ಕಳಿಸಿದ್ರ ಯಾವುದರ ಅಲರ್ಜಿ ಅಂತ ಟೆಸ್ಟ್ ಮಾಡಿ ಹೇಳತಾರ, ಅದನ್ನ ಮಾಡಸು ಅಂತಾರ. ರೊಕ್ಕ ಹೋದ್ರ ಹೋಗಲಿ, ರಾತ್ರಿಯೆಲ್ಲಾ ಅದು ಕೆರಕೊಳ್ಳೂ ಸಪ್ಪಳ ಕೇಳಿ ನಮಗ ನಿದ್ದಿ ಬರವಲ್ದು. ಗೊತ್ತಿದ್ದವರು ದಾರಿ ತೋರಸ್ರಿ.

ಗುಮ್ಮಟನಗರಿ, ವಿಜಯಪುರ

ಇದು ಉಷ್ಣ ಆಗಿರೂದು ಅದರೀ. ನಮ್ಮ ಕಡೆ ಬಿಸಿಲಿಗೆ ಎಲ್ಲಾ ನಾಯಿಗೂ ಆಗ್ತದ. ಕೋಳಿ ಬಂದ್ ಮಾಡಿ ಒಂದ ತಿಂಗಳ ಮೊಸರನ್ನ ಹಾಕಿ ನೋಡ್ರಿ, ಹೊಟ್ಟಿನೂ ತಣ್ಣಗಾಗ್ತದ. ಮೈಗೆ ಬೇವಿನ ಎಣ್ಣಿ ಹಚ್ಚರಿ.

ಬ್ರೂನೋನ ಅವ್ವ, ಟಿಳಕವಾಡಿ, ಬೆಳಗಾವಿ

ಮೊಸರನ್ನ ಹೇಳಿದ ಅಣ್ಣಾರು ಕಾಳಜಿಯಿಂದನ ಹೇಳ್ಯಾರ. ಕೋಳಿ ಬಂದ್ ಮಾಡ್ರಿ ಅಂದದ್ದೂ ಒಳ್ಳೇದ. ಆದ್ರ ರಾಣಿಗೆ ಈಗ ಮೊಸರು ಬ್ಯಾಡ್ರಿ. ಯಾಕಂದ್ರ ನಾಯಿಗೆ ಆಹಾರದ ಅಲರ್ಜಿ ಮಾಡೋ ಪದಾರ್ಥಗಳ ಪಟ್ಟಿಯೊಳಗ ಹಾಲು ಮೊದಲ ಸಾಲಿನಾಗ ಬರ್ತದ. 2016ರಾಗ ಪಶುವೈದ್ಯರು ಅಲ್ಲಿತನಕ ಪ್ರಕಟ ಆದ ವರದಿಗಳನ್ನೆಲ್ಲಾ ಕೂಡಿಸಿ, ಅಲರ್ಜಿ ಖಾತ್ರಿ ಆದ 297 ನಾಯಿಗಳ ಲೆಕ್ಕ ಹಾಕಿದ್ರು. ದನದ ಮಾಂಸ ಶೇ 34, ಹಾಲಿನ ಪದಾರ್ಥ ಶೇ 17, ಕೋಳಿ ಶೇ 15, ಗೋದಿ ಶೇ 13. ಕುರಿ ಶೇ 5, ಅಕ್ಕಿ, ಮೀನು ಶೇ 2ರಷ್ಟ. ರಾಣಿಯ ದಿನದ ಊಟ ನೋಡ್ರಿ: ಹಾಲು ಅದ, ಕೋಳಿ ಅದ, ಅವ್ವನ ಬಿಸ್ಕಿಟ್‌ನಾಗ ಗೋದಿನೂ ಅದ, ಹಾಲಿನ ಪುಡಿನೂ ಅದ. ಯಾವುದು ಕಾಡ್ಲಿಕ್ಕತ್ತದ ಅಂತ ಹೆಂಗ ಹೇಳೋದು?

ನಾವೂ ನಮ್ಮ ಲ್ಯಾಬ್ರಡಾರ್ ಬ್ರೂನೋನ ಜೋಡಿ ಇದನ್ನೆಲ್ಲಾ ದಾಟಿ ಬಂದೇವಿ. ಅವನಿಗೆ ಕೋಳಿ ಆಗೂದಿಲ್ಲ. ಹಂಗಾಗಿ ಮನಸಿಟ್ಟು ಬರೀತೀನಿ, ಸ್ವಲ್ಪ ಉದ್ದ ಆಗ್ತದ.

ಮೊದಲ ಒಂದ ಮಾತು. ಕೆರಕೊಳ್ಳೋ ನಾಯಿಗಳೊಳಗ ಆಹಾರದಿಂದ ಕೆರಕೊಳ್ಳೋವು ಕಮ್ಮಿ. ಚಿಗಟ, ಉಣ್ಣಿ, ಕಜ್ಜಿ ಹುಳ, ಕಿವಿಯೊಳಗ ಯೀಸ್ಟ್, ಮನಿ ದೂಳು, ಹೂವಿನ ದೂಳು ಇವೇ ಜಾಸ್ತಿ. ಮಳಿಗಾಲ ಬಂದಾಗ ಸುರು ಆಗಿ ಚಳಿಗಾಲಕ್ಕ ತಾನ ನಿಂತ್ರ ಊಟದ ಮ್ಯಾಲೆ ಅನುಮಾನ ಕಮ್ಮಿ. ವರ್ಷವಿಡೀ ಒಂದೇ ಸಮನ ಇದ್ದು, ಕಿವಿ ಪಾದ ಎರಡೂ ಹಿಡಿದು, ಜೋಡಿಗೆ ಹೊಟ್ಟಿನೂ ಕೆಟ್ಟಿದ್ರ ಆಹಾರ ನೋಡಲೇಬೇಕು. ರಾಣಿದು ಈ ಎರಡನೇದರಂಗ ಕಾಣ್ತದ. ಆದ್ರೂ ಡಾಕ್ಟರ್ ಕಡೆ ಚರ್ಮ ಕೆರೆದು ಸೂಕ್ಷ್ಮದರ್ಶಕದಾಗ ನೋಡಸ್ರಿ, ಕಿವಿಯ ಕೊಳಿ ನೋಡಸ್ರಿ, ಸಂಡಾಸ ಪರೀಕ್ಷೆ ಮಾಡಸ್ರಿ. ಜಂತುಹುಳ, ಇಲ್ಲಾ ಜಿಯಾರ್ಡಿಯಾ ಅನ್ನೋ ಕರುಳಿನ ಸೂಕ್ಷ್ಮಜೀವಿ ಇದ್ರ ಯಾವ ಚೀಲ ತಂದ್ರೂ ಸಂಡಾಸ ಗಟ್ಟಿ ಆಗೂದಿಲ್ಲ.

ಇನ್ನ ಹಾಲಿನ ವಿಷಯ. ಬೆಳೆದ ನಾಯಿಗೆ ಹಾಲಿನ ಸಕ್ಕರಿ, ಅಂದ್ರ ಲ್ಯಾಕ್ಟೋಸ್, ಕರಗಸೋ ಶಕ್ತಿ ಕಮ್ಮಿ ಆಗಿರ್ತದ. ಹಾಲು ಕುಡಿದ್ರ ಭೇದಿ ಆಗೋದು ಅದರಿಂದಲೂ ಇರಬಹುದು, ಅದು ಅಲರ್ಜಿ ಅಲ್ಲ. ಅಲರ್ಜಿ ಅಂದ್ರ ಹಾಲಿನ ಅಥವಾ ಮಾಂಸದ ಪ್ರೋಟೀನನ್ನ ಮೈ ವೈರಿ ಅಂತ ತಿಳಿಯೋದು. ಒಂದ ನಾಯಿಯೊಳಗ ಎರಡೂ ಇರಬಹುದು. ಏನೇ ಇದ್ರೂ ಹಾಲು ಇವತ್ತಿಂದ ಬಂದ್.

ಕೂದಲ ಟೆಸ್ಟ್‌ಗೆ ಒಂದ ರೂಪಾಯಿ ಕೊಡಬ್ಯಾಡ್ರಿ. 2019ರಾಗ ಅಮೆರಿಕದ ಚರ್ಮವೈದ್ಯರು ನಿಜವಾದ ನಾಯಿ ಕೂದಲ, ಜೊಲ್ಲಿನ ಜೋಡಿ ಕೃತಕ ಕೂದಲನೂ, ಜೊಲ್ಲಿನ ಬದಲಿ ಬರೇ ಸಲೈನ್ ನೀರನ್ನೂ ಇಂಥಾ ಟೆಸ್ಟ್‌ಗೆ ಕಳಿಸಿದ್ರು. ಆ ಕೃತಕ ಕೂದಲಕ್ಕೂ ಅಲರ್ಜಿ ಅದ ಅಂತ ವರದಿ ಬಂತು! ಆಹಾರದ ಅಲರ್ಜಿಗೆ ರಕ್ತಪರೀಕ್ಷೆನೂ ನಂಬಿಗಸ್ತ ಅಲ್ಲ. ಇದಕ್ಕಿರೋದು ಒಂದೇ ಪರೀಕ್ಷೆ. ನಾಯಿ ಹಿಂದೆಂದೂ ತಿನ್ನದ ಒಂದ ಪ್ರೋಟೀನ್, ಒಂದ ಪಿಷ್ಟ, ಅಷ್ಟ ಹಾಕೋದು, ಎಂಟ ವಾರ. ಹೊಟ್ಟಿ ಎರಡು-ಮೂರು ವಾರದಾಗ ಸುಧಾರಿಸ್ತದ, ಚರ್ಮಕ್ಕ ಮಾತ್ರ ಎಂಟ ವಾರ ಬೇಕು, ಕೆಲವಕ್ಕ ಹನ್ನೆರಡು. ನಡುವೆ ಬಿಟ್ರ ಏನೂ ಗೊತ್ತಾಗೂದಿಲ್ಲ.

ನಮ್ಮ ಬ್ರೂನೋ ಮಟನ್ ಎಲುಬು ತಿಂದು ಬೆಳೆದಾಂವ, ಕೋಳಿ, ಮೊಟ್ಟಿ ಎಲ್ಲಾ ತಿಂದಾನ. ತಿನ್ನದೇ ಇದ್ದದ್ದು ಮೀನ ಒಂದೇ. ಡಾಕ್ಟರ್ ಮೀನು, ಗೆಣಸು ಅಂದ್ರು. ಗೆಣಸಿಗೆ ನಮ್ಮ ಬೆಳಗಾವಿಯೊಳಗ ಏನ ಕೊರತಿ? ಕಾಟ್ಲಾ ಮೀನು ದೊಡ್ಡ ತುಂಡು ತಂದು, ಉಪ್ಪು ಅರಿಶಿಣ ಏನೂ ಹಾಕದ ಬರೇ ನೀರಾಗ ಕುದಿಸೋದು. ಆರಿದ ಮ್ಯಾಲೆ ಸ್ಟೀಲ್ ಪರಾತದಾಗ ಹರವಿ ಬೆರಳಿನಿಂದ ಹಿಸುಕಿ ಹಿಸುಕಿ ಮುಳ್ಳು ತೆಗೆಯೋದು. ಬೆನ್ನಿನ ತುಂಡಿನೊಳಗ ಕವಲು ಮುಳ್ಳು ಇರ್ತಾವ, ಕೂದಲದಷ್ಟ ಸಣ್ಣು, ಕಣ್ಣಿಗೆ ಕಾಣೂದಿಲ್ಲ, ಬೆರಳಿಗೆ ಚುಚ್ಚಿದಾಗ ಗೊತ್ತಾಗ್ತದ. ನಾನು ಒಂದ ಸಲ ತೆಗೆದ ಮ್ಯಾಲೆ ನಮ್ಮ ಯಜಮಾನ್ರು ಅದೇ ಪರಾತ ಮತ್ತೊಮ್ಮೆ ಹಿಸುಕತಿದ್ರು, ಅವರಿಗೂ ಸಿಗತಿದ್ವು. ಹೊಟ್ಟಿ ಕಡೆ ತುಂಡು ಕೇಳಿ ತಗೋರಿ, ಮುಳ್ಳು ದೊಡ್ಡವು, ಕಮ್ಮಿ. ಗೆಣಸು ಸಿಪ್ಪಿ ತೆಗೆದು ಮೆತ್ತಗ ಬೇಯಿಸಿ ಕಿವಿಚಿ ಕಲಸೋದು.

ಹೊಸಾ ಊಟ ಒಮ್ಮಿಂದೊಮ್ಮೆ ಹಾಕಬ್ಯಾಡ್ರಿ. ಮೊದಲ ಎರಡು-ಮೂರು ದಿನ ಕಾಲು ಪಾಲು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ವಾರ-ಹತ್ತು ದಿನದಾಗ ಪೂರ್ತಿ ಬದಲಾಗಲಿ. ಎಂಟ ವಾರ ಎಣಿಸೋದು ಪೂರ್ತಿ ಬದಲಾದ ದಿನದಿಂದ.

ಎಂಟ ವಾರ ಆಗಿ ಕೆರೆತ ನಿಂತ್ರ ಕೆಲಸ ಮುಗೀಲಿಲ್ಲ. ಹಳೇ ಊಟದಾಗಿನ ಒಂದೊಂದ ಪದಾರ್ಥ ಮತ್ತ ಕೊಟ್ಟು ನೋಡಬೇಕು. ಮೊದಲ ಬರೇ ಬೇಯಿಸಿದ ಕೋಳಿ ಕೊಡ್ರಿ. ಎರಡು ವಾರದೊಳಗ ಕೆರೆತ ತಿರುಗಿ ಬಂದ್ರ ಉತ್ತರ ಸಿಕ್ಕಂಗ. ಬರಲಿಲ್ಲಂದ್ರ ಮುಂದ ಹಾಲು, ಆಮೇಲೆ ಗೋದಿ. ಈ ಕೊನೇ ಹಂತ ಬಹಳ ಮಂದಿ ಮಾಡೂದಿಲ್ಲ, "ಆರಾಮ ಅದ, ಮತ್ತ್ಯಾಕ ಕೆಣಕಬೇಕು" ಅಂತಾರ. ಆದ್ರ ಇದನ್ನ ಮಾಡಿದ್ರನ ಮುಂದ ಹತ್ತು ವರ್ಷ ಏನು ಹಾಕಬಹುದು ಅಂತ ತಿಳಿಯೋದು. ಒಂದೇ ಕೋಳಿ ಬಿಟ್ರ ಸಾಕು ಅಂತ ಗೊತ್ತಾದ್ರ ರಾಣಿಗೆ ರೊಟ್ಟಿ ತಿರುಗಿ ಸಿಗ್ತದ.

ಮೀನು ಕುದಿಸೋದು ಆಗೂದಿಲ್ಲ ಅನ್ನೋರಿಗೆ ಹೈಡ್ರೋಲೈಸ್ಡ್ ಆಹಾರ ಅಂತ ಬರ್ತದ. ಪ್ರೋಟೀನನ್ನ ಮೈ ಗುರುತಿಸಲಾರದಷ್ಟು ಸಣ್ಣ ಚೂರು ಮಾಡಿರ್ತಾರ. ರಾಯಲ್ ಕ್ಯಾನಿನ್ ಹೈಪೋಅಲರ್ಜೆನಿಕ್, ಹಿಲ್ಸ್ ಝಡ್/ಡಿ, ಫಾರ್ಮಿನಾ ಅಲ್ಟ್ರಾಹೈಪೋ ಅಂತ ಹೆಸರು. ಡಾಕ್ಟರ್‌ನ ಕೇಳಿನ ತಗೋಬೇಕು. ತುಟ್ಟಿ ಅದ, ಸುಳ್ಳ ಹೇಳೂದಿಲ್ಲ. ಆದ್ರ ಲ್ಯಾಂಬ್, ಸಾಲ್ಮನ್, ಗ್ರೇನ್ ಫ್ರೀ ಅಂತ ತಿಂಗಳಿಗೊಂದ ಚೀಲ ಬದಲಿ ಮಾಡೋ ಖರ್ಚು ಕೂಡಿಸಿ ನೋಡ್ರಿ, ಆಮೇಲೆ ತುಟ್ಟಿ ಅನಸೂದಿಲ್ಲ.

ಒಂದ ಎಚ್ಚರಿಕಿ: ಬರೇ ಮೀನು-ಗೆಣಸು ಬೆಳೆದ ನಾಯಿಗೆ ಎಂಟ ವಾರಕ್ಕ ನಡೀತದ, ಅದೂ ಡಾಕ್ಟರ್‌ಗೆ ಹೇಳಿ. ಮರಿಗಳಿಗೆ ಬ್ಯಾಡ. ಅದರಾಗ ಕ್ಯಾಲ್ಸಿಯಂ, ಸತು ಎಲ್ಲಾ ಕಮ್ಮಿ, ವರ್ಷಗಟ್ಟಲೆ ಹಾಕಿದ್ರ ಎಲುಬಿಗೆ ತ್ರಾಸ.

ಲೋಕಾಪುರ ರೋಡ್, ಮುಧೋಳ

ಅಕ್ಕಾರು ಚಲೋ ಹೇಳ್ಯಾರ. ನಾ ಮುಧೋಳ ತಳಿ ವಿಷಯ ಒಂದೆರಡು ಮಾತು ಸೇರಸ್ತೀನಿ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಇವನ್ನ ಸಾಕಿಕೊಂಡ ಬಂದೀವಿ.

ಇದು ಓಡೂ ನಾಯಿ. ಮೈಮ್ಯಾಲೆ ಕೊಬ್ಬು ಇರೂದಿಲ್ಲ, ಪಕ್ಕೆಲುಬು ಒಂದೆರಡು ಕಾಣಬೇಕು, ಸೊಂಟ ಒಳಗ ಹೋಗಿರಬೇಕು. ಪ್ಯಾಟಿ ಮಂದಿ ಇದನ್ನ ನೋಡಿ "ನಾಯಿ ಒಣಗೇತಿ" ಅಂತ ಹೆದರಿ ಲ್ಯಾಬ್ರಡಾರ್‌ಗೆ ಹಾಕಿದಂಗ ಹಾಕತಾರ, ಮ್ಯಾಲೆ ತುಪ್ಪ, ಮೊಟ್ಟಿ. ಹೊಟ್ಟಿ ಕೆಡೂದು ಅಲ್ಲಿಂದನ. ಎರಡು ಹೊತ್ತು, ಹೊತ್ತಿಗೆ ಸರಿಯಾಗಿ, ಜಿಡ್ಡು ಕಮ್ಮಿ. ಓಡಿಸಿ ತಂದ ಕೂಡಲೇ ಹಾಕಬ್ಯಾಡ್ರಿ, ಉಂಡ ಕೂಡಲೇ ಓಡಸಬ್ಯಾಡ್ರಿ. ಎದಿ ಆಳ ಇರೂ ನಾಯಿಗೆ ಹೊಟ್ಟಿ ಉಬ್ಬಿ ತಿರುಚಿಕೊಳ್ಳೂ ಭಯ ಇರತೈತಿ.

ಜ್ವಾಳಕ್ಕ ಹೆದರಬ್ಯಾಡ್ರಿ. ಜ್ವಾಳದಾಗ ಗೋದಿಯ ಗ್ಲುಟೆನ್ ಇಲ್ಲ. ನಮ್ಮ ಕಡೆ ಜ್ವಾಳದ ನುಚ್ಚು ತಿಂದ ನಾಯಿ ಮೊಲದ ಬೆನ್ನ ಹತ್ತಿದ್ದವು. ಗ್ರೇನ್ ಫ್ರೀ ಚೀಲದಾಗ ಧಾನ್ಯದ ಬದಲಿ ಬಟಾಣಿ, ಕಡ್ಲಿ, ಆಲೂಗಡ್ಡಿ ತುಂಬಿರತಾರ. 2018ರಾಗ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥಾ ಆಹಾರಕ್ಕೂ ನಾಯಿ ಹೃದಯ ಹಿಗ್ಗೂ ರೋಗಕ್ಕೂ ನಂಟು ಐತೇನು ಅಂತ ತನಿಖೆ ಸುರು ಮಾಡಿತ್ತು. ಇದ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ. ಆದ್ರ ಧಾನ್ಯದ ತಪ್ಪ ಇಲ್ಲದಾಗ ಧಾನ್ಯ ಯಾಕ ಬಿಡಬೇಕು?

ಬಾಗಲಕೋಟಿಯಿಂದ ಮುಧೋಳ ಏನು ದೂರ ಅಲ್ಲ. ತಿಮ್ಮಾಪುರದಾಗ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಐತಿ. ಇದೇ ತಳಿ ಮ್ಯಾಲೆ ಕೆಲಸ ಮಾಡತಾರ. ಒಮ್ಮೆ ರಾಣಿನ್ನ ಕರಕೊಂಡ ಹೋಗಿ ಕೇಳ್ರಿ.

ನವನಗರದಾಂವ, ಬಾಗಲಕೋಟೆ

ಅಕ್ಕಾರ, ಅಣ್ಣಾರ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ರಿ. ಅಕ್ಕಾರ ಬರದದ್ದು ಓದಿದ ಮ್ಯಾಲೆ ಲ್ಯಾಂಬ್ ಚೀಲದ ಹಿಂದಿನ ಸಣ್ಣ ಅಕ್ಷರ ಓದಿದೆ. ಮುಂದ ಕುರಿ ಚಿತ್ರ. ಹಿಂದ ಪಟ್ಟಿಯೊಳಗ ಅಕ್ಕಿ, ಗೋದಿ, ಪೌಲ್ಟ್ರಿ ಮೀಲ್, ಲ್ಯಾಂಬ್ ಮೀಲ್, ಚಿಕನ್ ಫ್ಯಾಟ್ ಅಂತ ಐತಿ! ಪೌಲ್ಟ್ರಿ ಅಂದ್ರ ಕೋಳೀನ ಅಲ್ಲೇನ್ರಿ?

ಮತ್ತ ಮೀನದ ವಿಷಯ. ರಾಣಿ ಮೀನ ತಿಂದಿಲ್ಲ, ಖಾತ್ರಿ. ಆಲಮಟ್ಟಿ ಹಿನ್ನೀರಿನ ಮೀನ ಇಲ್ಲಿ ತಾಜಾ ಸಿಗತೈತಿ. ದಿನಕ್ಕ ಎಷ್ಟ ಹಾಕಬೇಕು? ಬೆಳ್ಳುಳ್ಳಿ ಒಂದೆಸಳು ಹಾಕಿದ್ರ ನಡೀತೈತೇನು, ವಾಸನಿಗೆ?

ಬ್ರೂನೋನ ಅವ್ವ, ಟಿಳಕವಾಡಿ, ಬೆಳಗಾವಿ

ಹೌದ್ರಿ, ಪೌಲ್ಟ್ರಿ ಮೀಲ್ ಅಂದ್ರ ಕೋಳಿ ಜಾತಿದ ಪುಡಿ. ಪಟ್ಟಿ ಬರೆಯೋದು ತೂಕದ ಪ್ರಕಾರ, ಮೊದಲ ಬಂದದ್ದು ಜಾಸ್ತಿ. ನಿಮ್ಮ "ಲ್ಯಾಂಬ್" ಚೀಲದಾಗ ಕುರಿಗಿಂತ ಕೋಳಿ ಮುಂದ ಕುಂತದ. ಅಂದ್ರ ರಾಣಿಗೆ ಕೋಳಿ ಒಂದ ದಿನನೂ ಬಂದ್ ಆಗೇ ಇಲ್ಲ. ಫರಕ್ ಎಲ್ಲಿಂದ ಕಾಣಬೇಕು? ಪಟ್ಟಿಯೊಳಗ ಬರೇ "ಅನಿಮಲ್ ಪ್ರೋಟೀನ್", "ಮೀಟ್ ಅಂಡ್ ಬೋನ್ ಮೀಲ್" ಅಂತ ಇದ್ರ ಅದನ್ನೂ ಬಿಡ್ರಿ, ಯಾವ ಪ್ರಾಣಿದ್ದು ಅಂತ ಹೇಳಲಾರದ್ದು ಅಲರ್ಜಿ ನಾಯಿಗೆ ಬ್ಯಾಡ. ಪಟ್ಟಿ ಚೊಕ್ಕ ಇದ್ದ ಆಹಾರದೊಳಗೂ ಒಂದೇ ಮಷೀನಿನಾಗ ಹಲವು ನಮೂನಿ ತಯಾರಾಗೋದ್ರಿಂದ ಬ್ಯಾರೆ ಪ್ರೋಟೀನ್ ಸೇರಿದ್ದು ಪರೀಕ್ಷೆಯೊಳಗ ಕಂಡು ಬಂದದ. ಅದಕ್ಕ ಈ ಎಂಟ ವಾರಕ್ಕ ಅಂಗಡಿಯ ಸಾದಾ ಚೀಲ ಯಾವುದೂ ಬ್ಯಾಡ ಅನ್ನೋದು. ಚೀಲ ಒಡದು ಕೆಜಿ ಲೆಕ್ಕದಾಗ ಲೂಸ್ ಮಾರ್ತಾರಲ್ಲ, ಅದನ್ನ ಯಾವತ್ತೂ ತರಬ್ಯಾಡ್ರಿ. ಹೆಸರಿಲ್ಲ, ತಾರೀಖಿಲ್ಲ, ಪಟ್ಟಿ ಇಲ್ಲ, ಜಿಡ್ಡು ಗಾಳಿಗೆ ಮುಗ್ಗಿರ್ತದ.

ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ನಾಯಿಯ ರಕ್ತದ ಕೆಂಪುಕಣ ಒಡೀತಾವ. ಒಂದೆಸಳೂ ಬ್ಯಾಡ್ರಿ. ರಾಣಿಗೆ ಮೀನದ ವಾಸನಿನ ಸಾಕು, ನೋಡ್ರಿ ಹೆಂಗ ಬಾಗಿಲ ಕಾಯ್ತದ.

ಅಳತಿ: 20 ಕೆಜಿಯ ಬೆಳೆದ ನಾಯಿಗೆ ದಿನಕ್ಕ ಸಾವಿರ ಕ್ಯಾಲರಿ ಆಸುಪಾಸು ಬೇಕಾಗ್ತದ. ಮುಳ್ಳು ತೆಗೆದ ಬೆಂದ ಮೀನು ಅರ್ಧ ಕೆಜಿ, ಬೆಂದ ಗೆಣಸು ಅರ್ಧ ಕೆಜಿಗೆ ಸ್ವಲ್ಪ ಕಮ್ಮಿ, ಒಂದ ಚಮಚ ಸೂರ್ಯಕಾಂತಿ ಎಣ್ಣಿ. ಇದನ್ನ ಎರಡು ಹೊತ್ತು ಹಂಚರಿ. ಇದು ಅಂದಾಜು. ವಾರಕ್ಕೊಮ್ಮೆ ರಾಣಿನ್ನ ಎತ್ತಿಕೊಂಡು ತೂಕದ ಮಷೀನ್ ಮ್ಯಾಲೆ ನಿಂತು ನಿಮ್ಮ ತೂಕ ಕಳೀರಿ. ಇಳಿದ್ರ ಊಟ ಹೆಚ್ಚಸ್ರಿ. ಗೆಣಸಿಗೆ ವಾಯು ಆಗಿ ಸಂಡಾಸ ಮೆತ್ತಗಾದ್ರ ಅರ್ಧ ಗೆಣಸಿನ ಬದಲಿ ಮೆತ್ತಗ ಬೆಂದ ಅನ್ನ ಹಾಕಬಹುದು, ಡಾಕ್ಟರ್‌ಗೆ ಒಂದ ಮಾತು ಕೇಳಿ.

ಎಲ್ಲಾರೂ ಮರೆಯೋದು ಗುಳಿಗಿ. ಉಣ್ಣಿಗೆ ತಿಂಗಳಿಗೊಮ್ಮೆ ಕೊಡೋ ಚೀಪೋ ಗುಳಿಗಿ, ಜಂತಿನ ಗುಳಿಗಿ, ಕ್ಯಾಲ್ಸಿಯಂ ಸಿರಪ್, ಇವುಗಳಿಗೆ ರುಚಿ ಬರಲಿ ಅಂತ ಮಾಂಸದ ಅಂಶ ಸೇರಿಸಿರ್ತಾರ. ಎಂಟ ವಾರ ಕಟ್ಟುನಿಟ್ಟಾಗಿ ಮಾಡಿ ಒಂದ ಗುಳಿಗಿಯಿಂದ ಕೆಟ್ಟ್ರ ಹೊಟ್ಟಿ ಉರೀತದ. ಅಷ್ಟು ದಿನ ಬೆನ್ನಿಗೆ ಹನಿ ಬಿಡೋ ಔಷಧ ಕೇಳ್ರಿ. ಉಣ್ಣಿ ಔಷಧ ಮಾತ್ರ ಬಂದ್ ಮಾಡಬ್ಯಾಡ್ರಿ, ನಮ್ಮ ಕಡೆ ಉಣ್ಣಿ ಜ್ವರಕ್ಕ ಎಷ್ಟ ನಾಯಿ ಹೋಗ್ಯಾವ.

ದ್ರಾಕ್ಷಿ ತ್ವಾಟ, ತಿಕೋಟಾ

ನಡುವ ಬಾಯಿ ಹಾಕತೀನಿ, ಕ್ಷಮಾ ಮಾಡ್ರಿ. ಹೊಟ್ಟಿ ಸೂಕ್ಷ್ಮ ಇರೂ ನಾಯಿ ಅಂದ್ರಿ, ಅದಕ್ಕ ಹೇಳತೀನಿ. ನಮ್ಮ ಕಡೆ ಎಲ್ಲಾರ ಮನ್ಯಾಗೂ ಒಣದ್ರಾಕ್ಷಿ ಇರತೈತಿ, ನಾಯಿ ಶೆಡ್ಡಿನಾಗ ಕಾವಲಿಗೆ ಮಲಗತಾವು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಮೂತ್ರಪಿಂಡ ಕೆಡತೈತಿ. ಒಂದ ನಾಯಿ ಒಂದ ಹಿಡಿ ತಿಂದು ಅರಗಿಸಿಕೊಳ್ಳತೈತಿ, ಇನ್ನೊಂದು ನಾಕು ಕಾಳಿಗೆ ಮಲಗತೈತಿ, ಹೇಳಾಕ ಬರೂದಿಲ್ಲ. ಟಾರ್ಟಾರಿಕ್ ಆಮ್ಲ ಕಾರಣ ಇರಬೇಕು ಅಂತ ಈಗ ವೈದ್ಯರ ಅಂದಾಜು. ಅದು ಹುಣಸಿಹಣ್ಣಿನಾಗೂ ಐತಿ, ಹಂಗಾಗಿ ಹುಳಿ ಸಾರು ಕಲಸಿದ ಅನ್ನನೂ ಹಾಕಬ್ಯಾಡ್ರಿ. ತಿಂದು ಕಕ್ಕಿದ್ರ ಊಟ ಸೇರಲಿಲ್ಲ ಅಂತ ಮರುದಿನದ ತನಕ ಕಾಯಬ್ಯಾಡ್ರಿ, ಅವತ್ತ ಡಾಕ್ಟರ್ ಕಡೆ ಓಡ್ರಿ. ನಮ್ಮ ತ್ವಾಟದಾಗ ಈಗ ಶೆಡ್ಡಿನ ಸುತ್ತ ಜಾಳಿಗಿ ಹಾಕೀವಿ.

ಬ್ರೂನೋನ ಅವ್ವ, ಟಿಳಕವಾಡಿ, ಬೆಳಗಾವಿ

ತಿಕೋಟಾ ಅಣ್ಣಾರು ಹೇಳಿದ್ದನ್ನ ಎಲ್ಲಾ ನಾಯಿ ಸಾಕೋರೂ ಓದಬೇಕು. ಜೋಡಿಗೆ ಇನ್ನೊಂದು: ಸಂಡಾಸದಾಗ ರಕ್ತ, ಡಾಂಬರಿನಂಗ ಕಪ್ಪು ಸಂಡಾಸ, ಮ್ಯಾಲಿಂದ ಮ್ಯಾಲೆ ವಾಂತಿ, ಊಟ ಬಿಡೋದು, ತೂಕ ಇಳಿಯೋದು, ಇವು ಕಂಡ್ರ ಊಟದ ಪ್ರಯೋಗ ಪಕ್ಕಕ್ಕಿಟ್ಟು ಮೊದಲ ದವಾಖಾನಿ.

ನವನಗರದಾಂವ, ಬಾಗಲಕೋಟೆ

ಬರೂ ಸೋಮವಾರದಿಂದ ಸುರು ಮಾಡತೀನ್ರಿ ಅಕ್ಕಾರ. ಡಾಕ್ಟರ್ ಜೋಡಿ ಮಾತಾಡೀನಿ, ಚರ್ಮ ಕೆರೆದು ನೋಡಿದ್ರು, ಹುಳ ಇಲ್ಲ. ಕಿವಿಗೆ ಹನಿ ಕೊಟ್ಟಾರ. ಮೀನು-ಗೆಣಸಿಗೆ ಅವರೂ ಹೂಂ ಅಂದ್ರು. ಒಂದ ತ್ರಾಸ ಉಳಿದೈತಿ. ನಮ್ಮವ್ವ. "ಮೂಕ ಪ್ರಾಣಿ, ಚಾ ಕುಡಿಯೂ ಮುಂದ ಮಾರಿ ನೋಡತೈತಿ, ನಾ ಹೆಂಗ ಕೊಡದ ಇರಲಿ?" ಅಂತಾಳ. ಜೋರ ಮಾಡಾಕ ಮನಸ ಬರೂದಿಲ್ಲ.

ಬ್ರೂನೋನ ಅವ್ವ, ಟಿಳಕವಾಡಿ, ಬೆಳಗಾವಿ

ಜೋರ ಮಾಡಬ್ಯಾಡ್ರಿ. ಅವ್ವನ ಕೈಯಿಂದ ರಾಣಿಗೆ ಏನರೆ ಸಿಗಬೇಕು, ಅದು ಇಬ್ಬರಿಗೂ ಬೇಕು. ಗೆಣಸು ಕಡ್ಡಿಯಂಗ ಹೆಚ್ಚಿ, ಅರ್ಧ ಬೇಯಿಸಿ, ಬಟ್ಟಿ ಮುಚ್ಚಿ ಮಾಳಗಿ ಮ್ಯಾಲೆ ಒಣಗಸ್ರಿ. ಬಾಗಲಕೋಟಿ ಬಿಸಿಲಿಗೆ ಎರಡು ದಿನ ಸಾಕು, ಚಿವುಟಿದ್ರ ತೊಗಲಿನಂಗ ಆಗಿರಬೇಕು. ಒಂದ ಡಬ್ಬಿ ತುಂಬಿ ಬಿಸ್ಕಿಟ್ ಡಬ್ಬಿ ಇದ್ದ ಜಾಗದಾಗ ಇಡ್ರಿ. ಚಾ ಹೊತ್ತಿಗೆ ಅವ್ವ ಅದನ್ನ ಕೊಡಲಿ. ದಿನದ ಗೆಣಸಿನ ಲೆಕ್ಕದಾಗ ಅಷ್ಟ ಕಳೀರಿ.

ಓಣಿ ಹುಡುಗರಿಗೂ ಹೇಳ್ರಿ, ಬ್ಯಾರೆಯವರೂ ಏನೂ ಹಾಕಬಾರದು. ಹೊರಗ ಬಿಟ್ಟಾಗ ಕಸದ ಕಡೆ ಹೋಗದಂಗ ಹಗ್ಗ ಹಿಡೀರಿ. ಸೋಮವಾರಕ್ಕ ಮೊದಲ ರಾಣಿ ಕಿವಿ ಒಳಗ, ಬೆರಳಸಂದಿ, ಹೊಟ್ಟಿ ಕೆಳಗ ಬೆಳಕಿನಾಗ ಫೋಟೋ ತೆಗೆದು ಇಡ್ರಿ. ವಾರಕ್ಕೊಮ್ಮೆ ಅದೇ ಜಾಗದ ಫೋಟೋ ಇಲ್ಲಿ ಹಾಕ್ರಿ, ನಾ ನೋಡತಿರ್ತೀನಿ.